ಪೆಟ್ಟಿಗೆಯ ಅಂಚಿನ ಎರಡು ಚೀಲ

ಚಂದನಾ, ಮನೋಜ, ನಿಮ್ಮ ಅಜ್ಜಿಗೆ ನಾಲ್ಕು ಜನರ ಎದುರು ಬಾಯಿ ಬರುವುದಿಲ್ಲ ಎಂದು ನಿಮ್ಮ ಅಪ್ಪ ನಗುತ್ತಾನಲ್ಲ, ಅದು ನಿಜ. ಉಡುತಡಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಉತ್ತರ ಗೊತ್ತಿದ್ದರೂ ಒಂದು ದಿನವೂ ಕೈ ಎತ್ತಲಿಲ್ಲ. ಅಂಥವಳು ಒಂದು ಬೇಸಿಗೆಯಲ್ಲಿ ಒಬ್ಬ ಮನುಷ್ಯನ ಮೇಲೆ ಸೇಡು ತೀರಿಸಿಕೊಂಡೆ. ಅದಕ್ಕೆ ಬೇಕಾದದ್ದು ಒಂದು ನೀಲಿ ಪೆಟ್ಟಿಗೆ, ಎರಡು ಥರ್ಮಾಮೀಟರು, ಆರು ಐಸ್ ಪ್ಯಾಕು. ಮುಂದೆ ಯಾರಾದರೂ ಇದನ್ನು ನಿಮಗೆ ಬೇರೆ ಥರ ಹೇಳಬಹುದು. ಅದಕ್ಕೇ ನಡೆದ ಹಾಗೆ ನಾನೇ ಬರೆದಿಡುತ್ತಿದ್ದೇನೆ.

ಶಿಕಾರಿಪುರದ ಒಂದು ಆಸ್ಪತ್ರೆಯ ರಕ್ತನಿಧಿಯಲ್ಲಿ ನನ್ನದು ಸಹಾಯಕಿಯ ಕೆಲಸ, ಗುತ್ತಿಗೆಯ ಮೇಲೆ. ನೆಲ ಒರೆಸುವುದು, ಟ್ರೇ ತೊಳೆಯುವುದು, ರಕ್ತ ಕೊಟ್ಟವರಿಗೆ ಬಿಸ್ಕತ್ತು, ಜ್ಯೂಸು ಕೊಡುವುದು. ಇವೆಲ್ಲಕ್ಕಿಂತ ನನಗೆ ಹೆಮ್ಮೆಯದ್ದು ಪೆಟ್ಟಿಗೆಯ ಕೆಲಸ. ಸೊರಬದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಿಂದ ರಕ್ತ ಬೇಕೆಂದು ಫೋನ್ ಬಂದರೆ ನಮ್ಮ ಲ್ಯಾಬ್ ಟೆಕ್ನಿಷಿಯನ್ ಪೆಟ್ಟಿಗೆ ಕಟ್ಟಿ ಕೊಡುತ್ತಿದ್ದರು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಸೊರಬದ ನರ್ಸ್ ಕೈಗೆ ಒಪ್ಪಿಸಿ ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಆರು ವರ್ಷ ಹೀಗೆ ಹೊತ್ತಿದ್ದೆ. ಒಂದು ಚೀಲವೂ ಕೆಟ್ಟಿರಲಿಲ್ಲ.

ಪೆಟ್ಟಿಗೆಯ ಒಳಗೆ ಹೇಗಿರುತ್ತದೆ ಎಂದು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಪುಸ್ತಕ ಜೋಡಿಸಿದ ಹಾಗೆ ನಾಲ್ಕು ರಕ್ತದ ಚೀಲ ಸಾಲಾಗಿ ನಿಲ್ಲುತ್ತವೆ. ಸಾಲಿನ ಎರಡೂ ಕೊನೆಗೆ ಮೂರು ಮೂರು ಐಸ್ ಪ್ಯಾಕು. ದಾರಿಯಲ್ಲಿ ರಕ್ತ ಹತ್ತು ಡಿಗ್ರಿಗಿಂತ ಮೇಲೆ ಹೋಗಬಾರದು, ಎರಡಕ್ಕಿಂತ ಕೆಳಗೆ ಇಳಿಯಬಾರದು. ಬಿಸಿಯಾದರೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಐಸಿನಂತೆ ಗಟ್ಟಿಯಾದರೂ ಅದು ಕೆಟ್ಟ ಹಾಗೆಯೇ. ಕೆಂಪು ಕಣಗಳು ಒಡೆದು ಮೇಲಿನ ತಿಳಿನೀರಿಗೆ ಬಣ್ಣ ಬಿಡುತ್ತವೆ. ಆದರೆ ನಮ್ಮ ಬಿಸಿಲಿನಲ್ಲಿ ತಂಪು ಜಾಸ್ತಿಯಾದೀತು ಎಂದು ಯಾರು ಹೆದರುತ್ತಾರೆ?

ಆ ಬೇಸಿಗೆ ನಮ್ಮ ಡೀಪ್ ಫ್ರೀಜರ್ ಕೆಟ್ಟಿತು. ರಿಪೇರಿಯವನು ಶಿವಮೊಗ್ಗದಿಂದ ಬರಬೇಕು, ನಾಳೆ ನಾಡಿದ್ದು ಎನ್ನುತ್ತಿದ್ದ. ಒಂದು ಸಂಜೆ ಟೆಕ್ನಿಷಿಯನ್ ಕರಗಿದ ಐಸ್ ಪ್ಯಾಕುಗಳನ್ನು ಗೋಣಿಚೀಲಕ್ಕೆ ತುಂಬಿ ಬೈಕಿನಲ್ಲಿ ಒಯ್ದರು. ಮಾರನೇ ಬೆಳಿಗ್ಗೆ ಕಲ್ಲಿನಂತೆ ಗಟ್ಟಿಯಾದವನ್ನು ತಂದರು. ಎಲ್ಲಿಂದ ಎಂದು ಯಾರಿಗೂ ಹೇಳಲಿಲ್ಲ. ನನಗೆ ನೋಡಿದ ಕೂಡಲೇ ತಿಳಿಯಿತು. ಪ್ಯಾಕುಗಳ ಮೈಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಹಿಮ, ಗೋಣಿಯ ಅಂಚಿನಲ್ಲಿ ಒಣಗಿದ ಉಪ್ಪು. ಐಸ್ ಕ್ಯಾಂಡಿ ಫ್ಯಾಕ್ಟರಿಯ ತೊಟ್ಟಿಯಲ್ಲಿ ಇಟ್ಟು ತಂದದ್ದು.

ನಿಮ್ಮ ಅಜ್ಜ ಸೈಕಲ್ಲಿನ ಹಿಂದೆ ಡಬ್ಬಿ ಕಟ್ಟಿಕೊಂಡು ಆನವಟ್ಟಿ ಸುತ್ತಿನ ಹಳ್ಳಿಗಳಲ್ಲಿ ಐಸ್ ಕ್ಯಾಂಡಿ ಮಾರಿ ನಿಮ್ಮ ಅಪ್ಪನನ್ನು ಓದಿಸಿದವರು. ಫ್ಯಾಕ್ಟರಿಯ ತೊಟ್ಟಿಯಲ್ಲಿ ಇರುವುದು ಉಪ್ಪುನೀರು. ಸೊನ್ನೆಗಿಂತ ಎಷ್ಟೋ ಕೆಳಗಿಳಿದರೂ ಅದು ಗಟ್ಟಿಯಾಗುವುದಿಲ್ಲ. ಅದರಲ್ಲಿ ಮುಳುಗಿ ಎದ್ದ ಕ್ಯಾಂಡಿಯನ್ನು ಹಾಗೇ ಬಾಯಿಗಿಟ್ಟರೆ ನಾಲಿಗೆಗೆ ಅಂಟಿಕೊಂಡು ತೊಗಲು ಕಿತ್ತುಕೊಂಡೇ ಬರುತ್ತದೆ. ಅದಕ್ಕೇ ನಿಮ್ಮ ಅಜ್ಜ ಬಿಳಿ ಹೋಗಿ ಬೆವರು ಬರುವವರೆಗೆ ಕಾದು ಆಮೇಲೆ ಮಕ್ಕಳ ಕೈಗೆ ಕೊಡುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದೂ, ಟೆಕ್ನಿಷಿಯನ್ ಆ ಬಿಳಿ ಪ್ಯಾಕುಗಳನ್ನು ರಕ್ತದ ಚೀಲಕ್ಕೆ ಒತ್ತಿ ಇಟ್ಟು ಮುಚ್ಚಳ ಹಾಕುವಾಗ ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ಅವರು ಓದಿದವರು, ನಾನೇನು ಹೇಳುವುದು ಎಂದುಕೊಂಡೆ. ಇದರಲ್ಲಿ ನನ್ನ ತಪ್ಪು ಅದೊಂದು. ಅದನ್ನು ಬಿಟ್ಟು ಬರೆಯುವುದಿಲ್ಲ.

ಪೆಟ್ಟಿಗೆ ಎಂದಿನಂತೆ ಸೊರಬ ತಲುಪಿತು. ನರ್ಸ್ ಅವಸರದಲ್ಲಿದ್ದರು, ಚೀಲಗಳ ನಂಬರ್ ನೋಡಿ ಫ್ರಿಜ್ಜಿಗಿಟ್ಟರು. ಮರುದಿನ ಬೆಳಿಗ್ಗೆ ಒಬ್ಬ ಹೆಂಗಸಿಗೆ ಆಪರೇಷನ್ ಮಾಡಿ ಹೆರಿಗೆ ಮಾಡಿಸುವುದಿತ್ತು. ಚೀಲ ತೆಗೆದು ನೋಡಿದರೆ ಎರಡರಲ್ಲಿ ಮೇಲೆ ನಿಲ್ಲುವ ತಿಳಿನೀರು ಕೆಂಪಾಗಿತ್ತು. ಎರಡು ಕೆಟ್ಟಿದ್ದರೆ ಉಳಿದ ಎರಡನ್ನು ನಂಬುವುದು ಹೇಗೆ? ನಾಲ್ಕನ್ನೂ ಬೇಡವೆಂದರು. ತುಂಬಿದ ಬಸುರಿಯನ್ನು ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ತಾಯಿ ಮಗು ಉಳಿದರು. ಆದರೆ ಆ ದಾರಿಯಲ್ಲಿ ಏನು ಬೇಕಾದರೂ ಆಗಬಹುದಿತ್ತು.

ಫೋನ್ ಬಂದಾಗ ನಾನು ಟೆಕ್ನಿಷಿಯನ್ ಮೇಜಿನ ಹತ್ತಿರವೇ ನೆಲ ಒರೆಸುತ್ತಿದ್ದೆ. ಅವರು ಎರಡು ನಿಮಿಷ ಕೇಳಿಸಿಕೊಂಡರು. ಮುಖ ಬಿಳುಚಿತು. ಆಮೇಲೆ ನನ್ನ ಕಡೆ ನೋಡದೆ ಅಂದರು: "ಆಯಮ್ಮ ಶಿರಾಳಕೊಪ್ಪದ ಬಸ್ ಸ್ಟ್ಯಾಂಡಲ್ಲಿ ಬಿಸಿಲಿಗೆ ಪೆಟ್ಟಿಗೆ ಇಟ್ಟು ಹರಟೆ ಹೊಡೀತಾ ನಿಂತಿರ್ತಾಳೆ ಕಣ್ರೀ. ಎಷ್ಟು ಹೇಳಿದ್ರೂ ಅಷ್ಟೇ."

ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಎರಡು ಮಾರು ದೂರದಲ್ಲಿ ನಾನು ಒರೆಸುವ ಬಟ್ಟೆ ಹಿಡಿದು ಕೂತಿದ್ದೆ.

ಮಧ್ಯಾಹ್ನ ಅವರೇ ಕೈಯಲ್ಲಿ ಮೆಮೋ ಬರೆದು ತಂದರು. ನಿರ್ಲಕ್ಷ್ಯದಿಂದ ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಇಟ್ಟ ಕಾರಣ ರಕ್ತ ಕೆಟ್ಟಿದೆ, ಮತ್ತೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯಲಾಗುವುದು ಎಂದಿತ್ತು. ಸಹಿ ಹಾಕು ಎಂದು ಬೆರಳಿಟ್ಟು ಜಾಗ ತೋರಿಸಿದರು. ಹಾಕಿದೆ. ಅಕ್ಷರ ವಕ್ರವಾಯಿತು. ಹೋಗುವಾಗ ಇನ್ನೊಂದು ಮಾತು ಎಸೆದರು: "ಐಸ್ ಕ್ಯಾಂಡಿ ಮಾರೋರ ಮನೆಯವರಿಗೆ ತಂಪು ಕಾಯೋದು ನಾನು ಹೇಳಿಕೊಡ್ಬೇಕಾ?"

ನನ್ನನ್ನು ಬೈದದ್ದು ಮರೆಯುತ್ತಿದ್ದೆನೋ ಏನೋ. ಆ ಮಾತನ್ನು ಮರೆಯಲಿಲ್ಲ. ಆ ಮೆಮೋವನ್ನು ಬರೆದ ಕೈಯೇ ಹೊಡೆದು ಹಾಕಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಇಟ್ಟುಕೊಂಡೆ. ಬೇರೆ ಏನೂ ನನಗೆ ಬೇಕಿರಲಿಲ್ಲ.

ರಕ್ತನಿಧಿಗೆ ಆಗಷ್ಟೇ ಹೊಸ ಡಾಕ್ಟರಮ್ಮ ಬಂದಿದ್ದರು. ಸಣ್ಣ ವಯಸ್ಸು, ಕಡ್ಡಿ ಮುರಿದಂಥ ಮಾತು. ಪೆಟ್ಟಿಗೆಗಳ ಪರೀಕ್ಷೆ ಮುಗಿಯುವವರೆಗೆ ಸೊರಬಕ್ಕೆ ಒಂದು ಚೀಲವೂ ಹೋಗಬಾರದು ಎಂದರು. ಪೆಟ್ಟಿಗೆ ತಪ್ಪೋ, ಕಟ್ಟಿದ್ದು ತಪ್ಪೋ, ಹೊತ್ತದ್ದು ತಪ್ಪೋ, ಅಳತೆಯೇ ಹೇಳಲಿ ಎಂದರು. ಅದಕ್ಕೆ ವ್ಯಾಲಿಡೇಷನ್ ಎಂದು ಹೆಸರು. ರಕ್ತದ ಬದಲು ಗ್ಲಿಸರಿನ್ ಬೆರೆಸಿದ ನೀರನ್ನು ಚೀಲಕ್ಕೆ ತುಂಬಿ ಫ್ರಿಜ್ಜಿನಲ್ಲಿ ನಾಲ್ಕು ಡಿಗ್ರಿಗೆ ತರಬೇಕು. ನಡುವಿನ ಎರಡು ಚೀಲಗಳ ಮಧ್ಯೆ ಥರ್ಮಾಮೀಟರಿನ ತಂತಿಯ ತುದಿ ಇಡಬೇಕು. ತಂತಿ ಮುಚ್ಚಳದ ಮೂಲೆಯಿಂದ ಹೊರಗೆ ಬರುತ್ತದೆ, ಅಂಕಿ ಹೊರಗೇ ಕಾಣುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಒಬ್ಬರು ಓದಬೇಕು, ಇನ್ನೊಬ್ಬರು ಬರೆಯಬೇಕು, ಪ್ರತಿ ಸಾಲಿಗೂ ಇಬ್ಬರ ಸಹಿ. ಅದೇ ದಾರಿ, ಅದೇ ಬಸ್ಸು, ಹೊತ್ತವರದ್ದೇ ಕೈ. ಓದುವವಳು ನಾನು, ಬರೆಯುವವರು ಟೆಕ್ನಿಷಿಯನ್.

ಹೀಗೆ ನಾನೂ ಅವರೂ ಒಂದೇ ಸೀಟಿನಲ್ಲಿ ಕೂತು ಸೊರಬಕ್ಕೆ ಹೋದೆವು. ಅಷ್ಟರಲ್ಲಿ ಫ್ರೀಜರ್ ರಿಪೇರಿಯಾಗಿತ್ತು. ಹಳೆಯ ಫ್ರೀಜರು, ಅದರ ತಂಪಿಗೆ ಜೋರಿಲ್ಲ. ಅದರ ಪ್ಯಾಕನ್ನೇ ಹಾಕಿದ್ದರು. ನಾಲ್ಕು ಎಂದು ಓದಿದೆ, ನಾಲ್ಕು ಎಂದು ಬರೆದರು. ಸೊರಬದಲ್ಲಿ ನಾಲ್ಕೂವರೆ. ಬೇರೆ ಮಾತಿಲ್ಲ. ಕಂಡಕ್ಟರ್ ನಮ್ಮನ್ನು ಜಗಳವಾಡಿಕೊಂಡ ಅಕ್ಕ ತಮ್ಮ ಎಂದುಕೊಂಡಿರಬೇಕು.

ಪೆಟ್ಟಿಗೆ ಪಾಸಾಯಿತು. ಡಾಕ್ಟರಮ್ಮನಿಗೆ ಸಮಾಧಾನ. ನನಗೆ ಅದರಿಂದ ಕೆಡುಕೇ ಆಯಿತು. ಪೆಟ್ಟಿಗೆ ಸರಿ, ಕಟ್ಟಿದ್ದು ಸರಿ ಎಂದ ಮೇಲೆ ಉಳಿದದ್ದು ನಾನು ತಾನೇ?

ಟೆಕ್ನಿಷಿಯನ್ ಅದನ್ನು ಬಾಯಿಬಿಟ್ಟೇ ಹೇಳಿದರು. "ಈ ಸಲ ನೀವು ನೋಡ್ತಿದ್ದೀರಿ ಅಂತ ಆಯಮ್ಮ ಬಾಣಂತಿ ಮಗು ಹಿಡಿದಂಗೆ ಹಿಡ್ಕೊಂಡಿದ್ಲು ಮೇಡಂ. ಅವತ್ತು ಹಿಂಗೆ ಹಿಡಿದಿದ್ರೆ ನಮಗೆ ಈ ಗತಿ ಬರ್ತಿರಲಿಲ್ಲ."

ಡಾಕ್ಟರಮ್ಮ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

ಅವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಮೇಜು ಒರೆಸುವ ನೆಪದಲ್ಲಿ ರಕ್ತ ಕಳಿಸಿದ ಲೆಕ್ಕದ ರಿಜಿಸ್ಟರ್ ತೆಗೆದು ನೋಡಿದೆ. ಟೆಕ್ನಿಷಿಯನ್ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಚೀಲ ಪೆಟ್ಟಿಗೆಗೆ ಇಳಿಸುತ್ತಾ ಅದೇ ಕ್ರಮದಲ್ಲಿ ನಂಬರ್ ಬರೆಯುತ್ತಿದ್ದರು. ಸೊರಬದ ನರ್ಸ್ ಕೆಟ್ಟ ಎರಡು ಚೀಲದ್ದು ತೆಗೆದು ಕಳಿಸಿದ್ದ ಫೋಟೋದ ಪ್ರಿಂಟ್ ಅದೇ ಪುಟಕ್ಕೆ ಅಂಟಿಸಿತ್ತು. ಅವುಗಳ ನಂಬರನ್ನು ಬೆರಳಿಟ್ಟು ಹುಡುಕಿದೆ. ಸಾಲಿನಲ್ಲಿ ಮೊದಲನೆಯದು, ಕೊನೆಯದು. ಐಸಿಗೆ ಒತ್ತಿಕೊಂಡಿದ್ದ ಎರಡು. ಬಿಸಿಲು ಹೊಡೆದಿದ್ದರೆ ಐಸಿನ ಪಕ್ಕದವು ಉಳಿದು ನಡುವಿನವು ಕೆಡಬೇಕಿತ್ತು.

ರಿಜಿಸ್ಟರ್ ಮುಚ್ಚಿ ಇಟ್ಟೆ. ಆ ಹೊತ್ತಿಗೆ ನೇರವಾಗಿ ಹೋಗಿ ಎಲ್ಲ ಹೇಳಬಹುದಿತ್ತು. ಹೇಳಲಿಲ್ಲ. ನಾನು ಹೇಳಿದರೆ ಟೆಕ್ನಿಷಿಯನ್ ಇನ್ನೊಂದು ಹೇಳುತ್ತಾರೆ, ಅವರ ಮಾತೇ ನಿಲ್ಲುತ್ತದೆ. ಅವರ ಮಾತನ್ನು ಅವರ ಕೈಬರಹದಲ್ಲೇ ಬೀಳಿಸಬೇಕಿತ್ತು. ಮೊದಲು ಬಿಸಿಲು, ಆಮೇಲೆ ಐಸು. ಹೀಗೆ ನಿರ್ಧಾರ ಮಾಡಿ ಡಾಕ್ಟರಮ್ಮನ ಬಾಗಿಲಿಗೆ ಹೋದೆ. ಒಳಗೆ ಕಾಲಿಡುವ ಮೊದಲು ಎರಡು ಸಲ ಹಿಂದೆ ಬಂದೆ.

"ಮೇಡಂ, ನಾನು ಬಿಸಿಲಲ್ಲಿ ಇಟ್ಟೆ ಅಂತಲೇ ಇಟ್ಕೊಳ್ಳಿ. ಹಂಗೇ ಇಟ್ಟು ಒಂದ್ಸಲ ಅಳೀರಿ."

"ಅಂದ್ರೆ?"

"ಶಿರಾಳಕೊಪ್ಪದ ಬಸ್ ಸ್ಟ್ಯಾಂಡು. ಮಟಮಟ ಮಧ್ಯಾಹ್ನ. ಒಂದು ಗಂಟೆ."

ಅವರು ಪೆನ್ನು ಕೆಳಗಿಟ್ಟರು. ಅತಿ ಕೆಟ್ಟ ಪರಿಸ್ಥಿತಿಯಲ್ಲೂ ಪರೀಕ್ಷೆ ಮಾಡಬೇಕು ಎಂದು ನಿಯಮದಲ್ಲೇ ಇದೆಯಂತೆ, ಹೇಗೆ ಮಾಡುವುದೆಂದು ಅವರೂ ಯೋಚಿಸುತ್ತಿದ್ದರಂತೆ. ನಾಳೆಯೇ ಆಗಲಿ ಎಂದರು.

ಆ ಗಂಟೆ ನೆನೆದರೆ ನನಗೆ ಈಗಲೂ ಹಿತವಾಗುತ್ತದೆ. ಬಸ್ ಸ್ಟ್ಯಾಂಡಿನ ಅಂಗಳದಲ್ಲಿ ನೆರಳೇ ಇಲ್ಲದ ಜಾಗ ಹುಡುಕಿ ಪೆಟ್ಟಿಗೆ ಇಟ್ಟೆ. ಓದುವವಳು ಪಕ್ಕದಲ್ಲಿ ಇರಬೇಕು, ಬರೆಯುವವರೂ ಇರಬೇಕು. ನಾನು ಗದ್ದೆ ಕೆಲಸ ಮಾಡಿದವಳು, ಸೆರಗು ಹೊದ್ದು ನಿಂತೆ. ಟೆಕ್ನಿಷಿಯನ್ ಕರ್ಚೀಫನ್ನು ತಲೆಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ನೆರಳಿಗೆ ಹೋಗಿಬರುತ್ತೇನೆ ಎಂದರು. "ಸಾಲು ಸಾಲಿಗೂ ನಿಮ್ಮ ಸಹಿ ಬೇಕಲ್ಲ ಸರ್" ಎಂದೆ. ನಿಂತರು. ಅಷ್ಟರಲ್ಲಿ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ ಒಬ್ಬಳು ಪೆಟ್ಟಿಗೆ ನೋಡಿ ನೇರ ಅವರ ಹತ್ತಿರವೇ ಬಂದಳು.

"ಐಸ್ ಕ್ಯಾಂಡಿ ಐತೇನ್ರೀ? ಕೆಂಪನೇದು ಒಂದು ಕೊಡ್ರಿ."

ಅವರ ಮುಖ ನೋಡಬೇಕಿತ್ತು ನೀವು. "ಕ್ಯಾಂಡಿ ಇಲ್ಲಮ್ಮ" ಎಂದು ನಾನೇ ಹೇಳಿದೆ. "ಸರ್ ಇನ್ನೂ ಕಲೀತಾ ಇದಾರೆ." ನನ್ನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

ಗಂಟೆ ಮುಗಿದಾಗ ಅಂಕಿ ಆರೂವರೆಯಲ್ಲಿತ್ತು. ಹತ್ತಕ್ಕೆ ಇನ್ನೂ ಬಹಳ ದೂರ. ಸೊರಬ ಮುಟ್ಟುವವರೆಗೂ ಏಳು ದಾಟಲಿಲ್ಲ. ಅದನ್ನು ಅವರೇ ಬರೆದರು, ಅವರೇ ಸಹಿ ಹಾಕಿದರು. ಬಿಸಿಲಿನ ಮಾತು ಅಲ್ಲಿಗೆ ಬಿತ್ತು. ಹಾಗಾದರೆ ರಕ್ತ ಕೆಟ್ಟದ್ದು ಹೇಗೆ ಎಂದು ಡಾಕ್ಟರಮ್ಮ ಹಾಳೆ ತಿರುಗಿಸುತ್ತಾ ಕೇಳಿದರು. ಚೀಲವೇ ಮೊದಲೇ ಕೆಟ್ಟಿರಬೇಕು ಎಂದರು ಟೆಕ್ನಿಷಿಯನ್. ಆಗ ನಾನು ಎರಡನೇ ಸಲ ಬಾಯಿ ಬಿಟ್ಟೆ. ರಿಜಿಸ್ಟರಿನ ನಂಬರುಗಳನ್ನು ತೋರಿಸಿ, ನಡುವೆ ಇಟ್ಟ ಥರ್ಮಾಮೀಟರಿಗೆ ಅಂಚಿನ ಚೀಲದ ಪಾಡು ಗೊತ್ತಾಗುವುದಿಲ್ಲ, ಅಲ್ಲಿಗೂ ಒಂದು ಇಡಿ ಎಂದೆ. ಡಾಕ್ಟರಮ್ಮ ನಂಬರುಗಳನ್ನು ಎರಡು ಸಲ ನೋಡಿ ತಲೆಯಾಡಿಸಿದರು. ಮೂರನೇ ಪರೀಕ್ಷೆಗೆ ಅವಧಿ ಮುಗಿದು ಎಸೆಯಬೇಕಿದ್ದ ನಾಲ್ಕು ರಕ್ತದ ಚೀಲಗಳನ್ನೇ ಇಡೋಣ, ಐಸ್ ಪ್ಯಾಕು ಸಿದ್ಧ ಮಾಡುವ ಕೆಲಸ ನಿಮ್ಮದು ಎಂದರು.

ನನಗೆ ಬೇಕಿದ್ದದ್ದೂ ಅದೇ.

ಸಂಜೆ ಆರು ಪ್ಯಾಕುಗಳನ್ನು ಗೋಣಿಯಲ್ಲಿ ಹಾಕಿಕೊಂಡು ಕ್ಯಾಂಡಿ ಫ್ಯಾಕ್ಟರಿಗೆ ನಡೆದೆ. ಅಲ್ಲಿಯ ಯಜಮಾನರು ನಿಮ್ಮ ಅಜ್ಜನನ್ನು ಬಲ್ಲವರು. ಕುರ್ಚಿ ಹಾಕಿದರು, ನಿಮ್ಮ ಅಜ್ಜನ ಮಾತು ತೆಗೆದರು. ಆಮೇಲೆ ಗೋಣಿ ನೋಡಿ ತಾವೇ ಅಂದರು: "ಇವು ಆಸ್ಪತ್ರೆಯವಲ್ವೇನಕ್ಕ? ಆವತ್ತು ನಿಮ್ಮ ಸಾಹೇಬರು ತಂದಿದ್ರು. ಇಡೀ ರಾತ್ರಿ ತೊಟ್ಟೀಲೇ ಇರಲಿ, ಎಷ್ಟು ಗಟ್ಟಿ ಆಗುತ್ತೋ ಆಗಲಿ ಅಂದ್ರು."

"ಈಗಲೂ ಹಂಗೇ ಇಡಿ ಅಣ್ಣ" ಎಂದೆ. "ಒಂದು ಗಂಟೆ ಹೆಚ್ಚಿಲ್ಲ, ಒಂದು ಗಂಟೆ ಕಡಿಮೆ ಇಲ್ಲ."

ಬೆಳಿಗ್ಗೆ ಡಾಕ್ಟರಮ್ಮನ ಮೇಜಿನ ಮೇಲೆ ಗೋಣಿ ಬಿಚ್ಚಿದೆ. ಅದೇ ಬಿಳಿ, ಅದೇ ಉಪ್ಪು. ಟೆಕ್ನಿಷಿಯನ್ ಬಾಗಿಲಲ್ಲೇ ನಿಂತುಬಿಟ್ಟರು.

"ಇದನ್ನ ಎಲ್ಲಿಂದ ತಂದ್ರಿ?" ಎಂದರು ಡಾಕ್ಟರಮ್ಮ.

"ಸರ್‌ನ ಕೇಳಿ ಮೇಡಂ. ಜಾಗ ತೋರಿಸಿಕೊಟ್ಟಿದ್ದು ಅವರೇ."

ಅವರು ಕೇಳಿದರು. ಟೆಕ್ನಿಷಿಯನ್ ಹೇಳಲೇಬೇಕಾಯಿತು. ತೊಟ್ಟಿ, ಉಪ್ಪುನೀರು, ಇಡೀ ರಾತ್ರಿ, ಎಲ್ಲವೂ. ಫ್ರೀಜರ್ ಕೆಟ್ಟಿತ್ತು ಮೇಡಂ, ಸೊರಬಕ್ಕೆ ತೊಂದರೆ ಆಗಬಾರದು ಅಂತ ಮಾಡಿದೆ ಎಂದರು. ಅದು ಸುಳ್ಳಲ್ಲ. ಅವರು ಕೆಟ್ಟದ್ದು ಮಾಡಲೆಂದು ಮಾಡಿದ್ದಲ್ಲ. ಆದರೆ ನನ್ನ ಮೇಲೆ ಹಾಕಿದ್ದು ಬೇಕೆಂದೇ.

ಪೆಟ್ಟಿಗೆ ಕಟ್ಟಿದೆವು. ಒಂದು ಥರ್ಮಾಮೀಟರಿನ ತುದಿ ನಡುವೆ. ಇನ್ನೊಂದನ್ನು ಅಂಚಿನ ಚೀಲಕ್ಕೆ ಅಂಟಿಸಿ, ಐಸಿನ ತಂಪನ್ನೇ ಓದದಿರಲಿ ಎಂದು ಅದರ ಮೇಲೆ ದಪ್ಪ ರಟ್ಟಿನ ತುಂಡು ಇಟ್ಟೆವು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. ಮೊದಲ ಓದು ಎರಡೂ ನಾಲ್ಕು. ಹದಿನೈದು ನಿಮಿಷಕ್ಕೆ ಅಂಚಿನದು ಎರಡು. ಅರ್ಧ ಗಂಟೆಗೆ ಸೊನ್ನೆ. ನಡುವಿನದು ನಾಲ್ಕರ ಹತ್ತಿರವೇ ಇತ್ತು, ಏನೂ ಆಗದವರ ಹಾಗೆ. ಮುಕ್ಕಾಲು ಗಂಟೆಗೆ ನಾನು ಮೈನಸ್ ಒಂದು ಎಂದು ಓದಿದೆ. ಗಂಟೆಗೆ ಮೈನಸ್ ಎರಡು. ಟೆಕ್ನಿಷಿಯನ್ ಬರೆದ ಹಾಳೆಯನ್ನು ಸಹಿಗೆ ನನ್ನ ಕಡೆ ತಳ್ಳಿದರು. ಎರಡು ಎಂದಷ್ಟೇ ಇತ್ತು.

"ಸರ್, ಮುಂದೆ ಒಂದು ಗೆರೆ ಬಿಟ್ಟುಹೋಗಿದೆ."

ಡಾಕ್ಟರಮ್ಮ ಬಗ್ಗಿ ಹಾಳೆ ನೋಡಿದರು. ಟೆಕ್ನಿಷಿಯನ್ ಗೆರೆ ಎಳೆದರು. ಪೆನ್ನು ಹಾಳೆಯ ಮೇಲೆ ಕರಕರ ಅಂದಿತು. ಆಮೇಲೆ ನಾನು ಸಹಿ ಹಾಕಿದೆ. ಅಕ್ಷರ ನೆಟ್ಟಗೆ ಬಂತು.

ಎರಡೂವರೆ ಗಂಟೆ ಕಳೆದು ಮುಚ್ಚಳ ತೆಗೆದಾಗ ಅಂಚಿನ ಎರಡು ಚೀಲ ಒಂದು ಮಗ್ಗುಲಿಗೆ ಹಲಗೆಯಂತೆ ಸೆಟೆದಿದ್ದವು. ನಾಲ್ಕನ್ನೂ ಫ್ರಿಜ್ಜಿನಲ್ಲಿ ನಿಲ್ಲಿಸಿ ಮರುದಿನ ತೆಗೆದೆವು. ನಡುವಿನ ಎರಡರಲ್ಲಿ ಮೇಲಿನ ನೀರು ತಿಳಿಯಾಗಿತ್ತು. ಅಂಚಿನ ಎರಡರಲ್ಲಿ ಕುಂಕುಮ ಕದಡಿದ ಹಾಗೆ. ಸೊರಬದ ಫೋಟೋವನ್ನು ಪಕ್ಕದಲ್ಲಿ ಹಿಡಿದರೆ ಯಾವುದು ಅಂದಿನದು, ಯಾವುದು ಇಂದಿನದು ಎಂದು ಹೇಳಲಾಗುತ್ತಿರಲಿಲ್ಲ.

ಡಾಕ್ಟರಮ್ಮ ಫೈಲಿನಿಂದ ನನ್ನ ಮೆಮೋ ಹೊರಗೆ ತೆಗೆದರು. ನನ್ನ ಕಡೆ ನೋಡಿ, ಹರಿಯಲು ಎರಡೂ ಕೈಯಲ್ಲಿ ಹಿಡಿದರು.

"ಹರೀಬೇಡಿ ಮೇಡಂ" ಎಂದೆ. "ಹರಿದ್ರೆ ನಾಳೆ ಅದು ಇರಲೇ ಇಲ್ಲ ಅಂತಾರೆ. ಬರೆದವರೇ ಹೊಡೆದು ಹಾಕಲಿ. ಯಾಕೆ ಅಂತ ಕೆಳಗೆ ಬರೀಲಿ. ಸಹಿ ಹಾಕಿ ಫೈಲಲ್ಲೇ ಇಡ್ಲಿ."

ಡಾಕ್ಟರಮ್ಮ ಮೆಮೋವನ್ನು ಟೆಕ್ನಿಷಿಯನ್ ಮುಂದೆ ಇಟ್ಟರು. ಅವರು ನಿರ್ಲಕ್ಷ್ಯ ಎಂಬ ಮಾತಿನಿಂದ ಹಿಡಿದು ಕೊನೆಯ ಸಾಲಿನವರೆಗೆ ಗೆರೆ ಎಳೆದರು. ಕೆಳಗೆ, ಪೆಟ್ಟಿಗೆ ಕಟ್ಟುವಾಗ ಅತಿ ತಣ್ಣಗಿನ ಐಸ್ ಪ್ಯಾಕು ಇಟ್ಟದ್ದರಿಂದ ರಕ್ತ ಕೆಟ್ಟಿದೆ, ಸಹಾಯಕಿಯ ತಪ್ಪಿಲ್ಲ, ಕಟ್ಟಿದ್ದು ನಾನು ಎಂದು ಬರೆದರು. ಸಹಿ ಎಲ್ಲಿ ಹಾಕಬೇಕೆಂದು ನಾನು ಬೆರಳಿಟ್ಟು ತೋರಿಸಿದೆ.

ಹೊರಗೆ ವರಾಂಡದಲ್ಲಿ ಅವರು ನನ್ನನ್ನು ಕಾಯುತ್ತಿದ್ದರು. "ಇಷ್ಟೆಲ್ಲ ಯಾಕಮ್ಮ? ನನಗೇ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

"ನೀವು ನನ್ನ ಒಂದು ಮಾತು ಕೇಳಿದ್ರಾ ಸರ್?" ಎಂದೆ. ಬಕೆಟ್ಟು ಎತ್ತಿಕೊಂಡು ಹೋದೆ.

ಸೊರಬಕ್ಕೆ ಮತ್ತೆ ರಕ್ತ ಹೋಗತೊಡಗಿತು, ಪೆಟ್ಟಿಗೆ ಮತ್ತೆ ನನ್ನ ತೊಡೆಗೆ ಬಂತು. ಡಾಕ್ಟರಮ್ಮ ಹೊಸ ನಿಯಮ ಬರೆಸಿ ಗೋಡೆಗೆ ಅಂಟಿಸಿದರು. ಐಸ್ ಪ್ಯಾಕಿನ ಬಿಳಿ ಹೋಗಿ ಬೆವರಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಕೇಳಬೇಕು. ಆಮೇಲೆಯೇ ಪೆಟ್ಟಿಗೆಗೆ. ಇಬ್ಬರು ಕೇಳಿ ಇಬ್ಬರೂ ಸಹಿ ಹಾಕಬೇಕು.

ಮೊದಲ ಸಹಿ ನನ್ನದು, ಎರಡನೆಯದು ಟೆಕ್ನಿಷಿಯನ್‌ದು. ಒಂದು ಪ್ಯಾಕು ಬೆವರಿದ್ದರೆ ಆರೂ ಬೆವರಿರುತ್ತವೆ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಪ್ರತಿ ಸಲ ಆರನ್ನೂ ಒಂದೊಂದಾಗಿ ಅವರ ಕಿವಿಗೆ ಹಿಡಿಸುತ್ತೇನೆ. ಒಂದು ಸಲ ಸಿಹಿ ತಂದುಕೊಟ್ಟು, ಆದದ್ದು ಆಯಿತು ಮರೆತುಬಿಡಿ ಎಂದರು. ಸಿಹಿಯನ್ನು ರಕ್ತ ಕೊಡಲು ಬಂದವರಿಗೆ ಹಂಚಿದೆ. ಮರೆತಿಲ್ಲ. ನಿಮ್ಮ ಅಜ್ಜನ ಕಸುಬನ್ನು ಆಡಿಕೊಂಡ ಮನುಷ್ಯ ಈಗ ನಿಮ್ಮ ಅಜ್ಜ ಮಾಡುತ್ತಿದ್ದ ಹಾಗೆಯೇ ಐಸು ಬೆವರುವುದನ್ನು ಕಾಯುತ್ತಾ ಕೂರುತ್ತಾನೆ. ನೋಡಿದಾಗಲೆಲ್ಲ ನನಗೆ ಹೊಟ್ಟೆ ತಣ್ಣಗಾಗುತ್ತದೆ. ಇದು ಒಳ್ಳೆಯದೋ ಕೆಟ್ಟದ್ದೋ ನೀವೇ ದೊಡ್ಡವರಾಗಿ ಯೋಚಿಸಿ. ನಾನು ಯೋಚಿಸಿಲ್ಲ.

ಆ ಮೆಮೋದ ಜೆರಾಕ್ಸ್ ಒಂದು ಕೇಳಿ ತಂದಿದ್ದೇನೆ. ಅದನ್ನೂ ಈ ಹಾಳೆಗಳನ್ನೂ ನಿಮ್ಮ ಅಜ್ಜನ ಕ್ಯಾಂಡಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಡಬ್ಬಿಯ ಮುಚ್ಚಳ ಬಿಗಿಯಾಗಿದೆ, ಹುಳ ಹೋಗುವುದಿಲ್ಲ. ಹಳೆಯದನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀರಿ, ಎಸೆಯಿರಿ ಎಂದು ಯಾರಾದರೂ ಅಂದಾರು. ಎಸೆಯಬೇಡಿ ಮಕ್ಕಳೇ. ಎರಡನ್ನೂ ಒಟ್ಟಿಗೇ ಜೋಪಾನ ಮಾಡಿ.